ದೀಪಾವಳಿ ರಜೆಗೆ ಕೈಟ್‌ಬೋರ್ಡಿಂಗ್ ಬುಕ್ ಮಾಡುವವರು ಮೊದಲು ಗಾಳಿಯ ತಿಂಗಳು ನೋಡ್ರಿ

ಕಲಬುರಗಿಯಿಂದ ಐದು ಮಂದಿ ದೀಪಾವಳಿ ರಜೆಗೆ ಶ್ರೀಲಂಕಾದ ಕಲ್ಪಿಟಿಯಕ್ಕೆ ಹೋದರು. ಏಳು ದಿನದ ಪ್ಯಾಕೇಜ್, ದಿನಕ್ಕೆ ಎರಡು ತಾಸು ಕೈಟ್‌ಬೋರ್ಡಿಂಗ್ (ದೊಡ್ಡ ಗಾಳಿಪಟ ಎಳೆದಂತೆ ಹಲಗೆ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟ) ಪಾಠ, ರೊಕ್ಕ ಪೂರ್ತಿ ಮುಂಗಡ. ಏಳು ದಿನದಲ್ಲಿ ಕೈಟ್ ಸರಿಯಾಗಿ ಹಾರಿದ್ದು ಒಂದೇ ಮಧ್ಯಾಹ್ನ. ಉಳಿದ ದಿನ ಬೆಳಿಗ್ಗೆ 6–7 ನಾಟ್ (ಒಂದು ನಾಟ್ ಎಂದರೆ ತಾಸಿಗೆ 1.85 ಕಿ.ಮೀ.) ಗಾಳಿ, ಸಂಜೆ ಗುಡುಗು ಮಳೆ. ರೊಕ್ಕ ವಾಪಸ್ ಕೇಳಿದರೆ ಏಜೆಂಟ್‌ನದು ಒಂದೇ ಮಾತು: "ಗಾಳಿ ನಮ್ಮ ಕೈಯಾಗಿಲ್ಲರಿ." ಗಾಳಿ ಯಾರ ಕೈಯಲ್ಲೂ ಇಲ್ಲ, ನಿಜ. ಆದರೆ ಅದು ಯಾವ ತಿಂಗಳು ಬೀಸುತ್ತದೆ, ಯಾವ ತಿಂಗಳು ನಿಲ್ಲುತ್ತದೆ ಎನ್ನುವುದು ಅಲ್ಲಿ ದೋಣಿ ನಡೆಸುವವರೆಲ್ಲರಿಗೂ ಗೊತ್ತು. ಅದನ್ನು ಮುಚ್ಚಿಟ್ಟು ರೊಕ್ಕ ತೆಗೆದುಕೊಂಡದ್ದು ಮೋಸ. ಇನ್ನೊಬ್ಬರು ಇದೇ ಗುಂಡಿಗೆ ಬೀಳಬಾರದೆಂದು ಇದನ್ನು ಬರೆಯುತ್ತಿದ್ದೇವೆ.

ಆಷಾಢದಲ್ಲಿ ನಮ್ಮ ಎರೆ ಹೊಲಗಳ ಮೇಲೆ ಬೀಸುವ ಗಾಳಿ ಗೊತ್ತಲ್ಲ, ಛತ್ರಿ ಹಿಡಿದು ನಿಲ್ಲಲು ಬಿಡದ ಗಾಳಿ? ಅದೇ ನೈಋತ್ಯ ಮಾರುತ ಕಲ್ಪಿಟಿಯದಲ್ಲೂ ಬೀಸುತ್ತದೆ. ಮೇ ನಡುವಿನಿಂದ ಅಕ್ಟೋಬರ್ ಆರಂಭದವರೆಗೆ ಅಲ್ಲಿ 18ರಿಂದ 25 ನಾಟ್, ಹೆಚ್ಚುಕಡಿಮೆ ದಿನವೂ. ಡಿಸೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಈಶಾನ್ಯ ಗಾಳಿ, ಸ್ವಲ್ಪ ಮೆತ್ತಗೆ, 15ರಿಂದ 20. ಈ ಎರಡರ ನಡುವೆ ಗಾಳಿ ದಿಕ್ಕು ಬದಲಿಸುವ ಹೊತ್ತಿನಲ್ಲಿ ಏನೂ ಇಲ್ಲ. ಒಂದು ಏಪ್ರಿಲ್, ಇನ್ನೊಂದು ಅಕ್ಟೋಬರ್ ಕೊನೆಯಿಂದ ನವೆಂಬರ್. ನಮ್ಮ ಬೇಸಿಗೆ ರಜೆ ಮತ್ತು ದೀಪಾವಳಿ ಎರಡೂ ಸರಿಯಾಗಿ ಈ ಸತ್ತ ತಿಂಗಳುಗಳಲ್ಲೇ ಬೀಳುತ್ತವೆ. ಹೋಟೆಲ್ ಖಾಲಿ ಇರುವುದರಿಂದಲೇ ಆಗ ಪ್ಯಾಕೇಜ್ ಅಗ್ಗ.

ನಮ್ಮ ಪಂಚಾಂಗದಲ್ಲೂ ಒಳ್ಳೆಯ ದಿನಗಳಿವೆ. ಆಗಸ್ಟ್ 15ರ ಸುತ್ತಿನ ರಜೆ, ಗಣೇಶ ಚೌತಿ, ಇವು ಗಟ್ಟಿ ಗಾಳಿಯ ದಿನಗಳು. ಸಂಕ್ರಾಂತಿಗೂ ಹೋಗಬಹುದು, ದೊಡ್ಡ ಕೈಟ್ ಸಿಗುವುದು ಖಾತ್ರಿಯಿದ್ದರೆ. ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಚಳಿಗಾಲದ ಗಾಳಿ ಮುಗಿಯುತ್ತಾ ಬಂದಿರುತ್ತದೆ, ಆಗ ಹೊಸದಾಗಿ ಬುಕ್ ಮಾಡಬ್ಯಾಡ್ರಿ.

ಕೈಟ್ ಅಳತೆಯ ವಿಷಯದಲ್ಲೂ ಆ ಐವರು ಪೆಟ್ಟು ತಿಂದರು. ಮೈತೂಕವನ್ನು 2.2ರಿಂದ ಗುಣಿಸಿ ಗಾಳಿಯ ನಾಟ್‌ನಿಂದ ಭಾಗಿಸಿದರೆ ಬೇಕಾದ ಕೈಟ್‌ನ ಚದರ ಮೀಟರ್ ಅಂದಾಜಾಗಿ ಸಿಗುತ್ತದೆ. 75 ಕಿಲೋ ಇರುವವರಿಗೆ 15 ನಾಟ್‌ನಲ್ಲಿ 11, ಅಂದರೆ ಸುಮಾರು 12 ಮೀಟರ್ ಕೈಟ್. 20 ನಾಟ್ ದಾಟಿದರೆ 8–9 ಸಾಕು. ಅವರಿಗೆ ಸಿಕ್ಕದ್ದು ಎಲ್ಲಾ 9ರವು, 12ರದ್ದು ಒಂದೇ ಒಂದು, ಅದೂ ಪಾಳಿಯ ಮೇಲೆ. ಇನ್ನು 7 ನಾಟ್ ಗಾಳಿಗೆ 12 ಮೀಟರ್ ಇದ್ದರೂ ಕಲಿಯುವವರು ಬೋರ್ಡ್ ಮೇಲೆ ಏಳಲಾರರು. ಬುಕ್ ಮಾಡುವಾಗ ನಿಮ್ಮ ತೂಕ ಹೇಳಿ, "ನಮ್ಮ ತಂಡಕ್ಕೆ ಯಾವ ಅಳತೆಯ ಕೈಟ್ ಎಷ್ಟಿವೆ" ಎಂದು ಬರಹದಲ್ಲಿ ಕೇಳ್ರಿ.

ಗಾಳಿ ಕಡಿಮೆ ಇದ್ದರೆ ಅಪಾಯವೂ ಕಡಿಮೆ ಅಂದುಕೊಳ್ಳಬ್ಯಾಡ್ರಿ. ಗಾಳಿ ಸತ್ತಾಗ ಮೇಲಿದ್ದ ಕೈಟ್ ನೆಟ್ಟಗೆ ನೀರಿಗೆ ಬೀಳುತ್ತದೆ, 20–24 ಮೀಟರಿನ ನಾಲ್ಕು ದಾರಗಳು ಸಡಿಲಾಗಿ ಸುತ್ತಲೂ ಹರಡುತ್ತವೆ. ಮತ್ತೆ ಎಬ್ಬಿಸಲು ಸುಮಾರು 10 ನಾಟ್ ಆದರೂ ಬೇಕು, ಅದಿಲ್ಲದೆ ಮನುಷ್ಯ ಹಿನ್ನೀರಿನ ನಡುವೆ ತೇಲುತ್ತಾ ಉಳಿಯುತ್ತಾನೆ. ಆಗ ಮಾಡುವ ಕೆಲಸಕ್ಕೆ ಕ್ರಮವಿದೆ. ಮೊದಲು ಮೈ ಮುಂದಿನ ಕ್ವಿಕ್ ರಿಲೀಸ್ (ಕೈಟ್‌ನ ಎಳೆತ ಕಳಚುವ ಕೊಂಡಿ) ಬಿಡಿಸಬೇಕು, ಕೈಟ್ ಒಂದೇ ಸುರಕ್ಷತಾ ದಾರದ ಮೇಲೆ ನಿಂತು ಶಕ್ತಿ ಕಳೆದುಕೊಳ್ಳುತ್ತದೆ. ಆ ಒಂದು ದಾರವನ್ನು ಮಾತ್ರ ಕೆಲವು ಮೀಟರ್ ಬಾರ್‌ಗೆ (ಕೈಟ್ ನಡೆಸುವ ಹಿಡಿಕೋಲಿಗೆ) ಸುತ್ತಿ, ಆಮೇಲೆ ನಾಲ್ಕನ್ನೂ ಒಟ್ಟಿಗೆ ಸುತ್ತಿ, ಬಿಚ್ಚದಂತೆ ಗಂಟು ಹಾಕಿ, ಕೈಟ್ ತನಕ ಹೋಗಿ ಅದನ್ನೇ ಹಾಯಿಯಂತೆ ಹಿಡಿದು ದಡಕ್ಕೆ ಬರಬೇಕು. ನಾಲ್ಕನ್ನೂ ಮೊದಲೇ ಸುತ್ತಿದರೆ ಒಂದು ಬೀಸು ಗಾಳಿಗೆ ಕೈಟ್ ಎದ್ದು ಎಳೆದೊಯ್ಯುತ್ತದೆ. ಏನೇ ಆದರೂ ದಾರವನ್ನು ಕೈಗೆ ಸುತ್ತಿಕೊಳ್ಳಬಾರದು. ಸಂಕ್ರಾಂತಿ ಪತಂಗದ ಮಾಂಜಾ ಬೆರಳು ಕೊಯ್ಯುವುದನ್ನು ನೋಡಿದ್ದೀರಿ, ಇಲ್ಲಿ ದಾರದ ಆ ತುದಿಯಲ್ಲಿರುವುದು 12 ಚದರ ಮೀಟರ್ ಬಟ್ಟೆ. ಇದನ್ನು ಮೊದಲ ದಿನಗಳಲ್ಲೇ ಕಲಿಸದ ಶಾಲೆಗೆ ಹೋಗಬ್ಯಾಡ್ರಿ. ನಮ್ಮ ಕಡೆ ಈಜು ಬಂದರೆ ಬಾವಿಯದ್ದು, ಇಲ್ಲವೇ ಭೀಮಾ ನದಿಯದ್ದು. ಸಮುದ್ರಕ್ಕೆ ಅಷ್ಟು ಸಾಲದು, ಇಂಪ್ಯಾಕ್ಟ್ ವೆಸ್ಟ್ (ಹೊಡೆತ ತಡೆಯುವ, ತೇಲಲು ನೆರವಾಗುವ ಅಂಗಿ) ಮತ್ತು ಹೆಲ್ಮೆಟ್ ಇರಲೇಬೇಕು.

ಸಂಜೆಯ ಗುಡುಗು ಮೋಡ ಇನ್ನೂ ಕೆಟ್ಟದ್ದು. ಮೋಡದ ಮುಂದೆ ಬರುವ ಬಿರುಗಾಳಿ ಕೆಲವೇ ನಿಮಿಷದಲ್ಲಿ 8 ನಾಟ್ ಇದ್ದದ್ದನ್ನು 30 ಮಾಡಬಲ್ಲದು. ದಿಗಂತ ಕಪ್ಪಾದ ಕೂಡಲೇ ಕೈಟ್ ಇಳಿಸಬೇಕು.

ಬೇರೆ ದ್ವೀಪಗಳಿಗೂ ಅವುಗಳದೇ ತಿಂಗಳುಗಳಿವೆ. ಜಾಂಜಿಬಾರ್‌ನ ಪಾಜೆಯಲ್ಲಿ ಜೂನ್–ಸೆಪ್ಟೆಂಬರ್ ಒಂದು ಗಾಳಿ, ಡಿಸೆಂಬರ್ ಕೊನೆ–ಫೆಬ್ರವರಿ ಇನ್ನೊಂದು. ಏಪ್ರಿಲ್–ಮೇ ದೊಡ್ಡ ಮಳೆ. ಅಲ್ಲಿ ಭರತ ಇಳಿದಾಗ ನೀರು ನೂರಾರು ಮೀಟರ್ ಹಿಂದೆ ಸರಿಯುತ್ತದೆ, ಕಡಲ ಮುಳ್ಳುಚೆಂಡುಗಳು ಕಾಲಿಗೆ ಚುಚ್ಚುತ್ತವೆ, ರಬ್ಬರ್ ಬೂಟು ಬೇಕು. ಮಾರಿಷಸ್‌ನ ಲೆ ಮಾರ್ನ್‌ಗೆ ಜೂನ್‌ನಿಂದ ಸೆಪ್ಟೆಂಬರ್ ಉತ್ತಮ, ನವೆಂಬರ್‌ನಿಂದ ಏಪ್ರಿಲ್ ಚಂಡಮಾರುತದ ಕಾಲ. ಅಲ್ಲಿನ ಒನ್ ಐ ಅಲೆ ಫೋಟೋದಲ್ಲಿ ಚಂದ, ಆದರೆ ಹವಳದ ಬಂಡೆಯ ಕಂಡಿಯಲ್ಲಿ ನೀರು ಹೊರಸಮುದ್ರಕ್ಕೆ ಎಳೆಯುತ್ತದೆ. ಹೊಸಬರಿಗೆ ಅದಲ್ಲ. ಫಿಲಿಪೈನ್ಸ್‌ನ ಬೊರಾಕಾಯ್‌ಗೆ ಡಿಸೆಂಬರ್–ಮಾರ್ಚ್, ಕ್ರಿಸ್ಮಸ್ ರಜೆಯವರಿಗೆ ಅನುಕೂಲ.

ಮೊದಲ ಸಲ ಕಲಿಯುವವರಿಗೆ ನಮ್ಮ ಸಲಹೆ ರಾಮೇಶ್ವರಂ. ಅದೂ ದ್ವೀಪವೇ, ಪಾಸ್‌ಪೋರ್ಟ್ ಬೇಡ, 2025ರ ಏಪ್ರಿಲ್‌ನಲ್ಲಿ ಹೊಸ ಪಾಂಬನ್ ಸೇತುವೆ ತೆರೆದ ಮೇಲೆ ರೈಲು ಮತ್ತೆ ದ್ವೀಪದೊಳಗೆ ಹೋಗುತ್ತಿದೆ. ನಮ್ಮ ಮಳೆಗಾಲದ ನೈಋತ್ಯ ಗಾಳಿ, ಚಳಿಗಾಲದ ಈಶಾನ್ಯ ಗಾಳಿ ಎರಡೂ ಅಲ್ಲಿವೆ, ನೀರು ಸಮತಟ್ಟು.

ಫೋಟೋ ನೋಡಿ ಮರುಳಾಗುವವರಿಗೆ ಒಂದು ಗುರುತು. ನೀರು ಕನ್ನಡಿಯಂತಿದ್ದು ತೆಂಗಿನ ಗರಿ ನೆಟ್ಟಗೆ ಜೋತುಬಿದ್ದಿದ್ದರೆ ಆ ದಿನ ಅಲ್ಲಿ ಗಾಳಿ ಇರಲಿಲ್ಲ. ವಿಂಡ್‌ಗುರು, ವಿಂಡಿ ಆ್ಯಪ್‌ಗಳು ಒಂದು ವಾರದ ಮಟ್ಟಿಗೆ ದಾರಿ ತೋರಿಸುತ್ತವೆ, ಎರಡು ತಿಂಗಳು ಮುಂಚೆ ಟಿಕೆಟ್ ತೆಗೆಯುವವರಿಗೆ ಅವು ಸಾಲವು. ಶಾಲೆಗೆ ಕೇಳಬೇಕಾದದ್ದು: ಹಿಂದಿನ ಎರಡು ವರ್ಷ ಇದೇ ವಾರದಲ್ಲಿ 15 ನಾಟ್ ದಾಟಿದ ದಿನ ಎಷ್ಟು? ಗಾಳಿ ದಡದಿಂದ ಸಮುದ್ರಕ್ಕೋ, ಓರೆಯಾಗಿ ದಡದ ಕಡೆಗೋ? ದಡದಿಂದ ಹೊರಕ್ಕೆ ಬೀಸುವ ಗಾಳಿಯಲ್ಲಿ ರಕ್ಷಣಾ ದೋಣಿ ಇಲ್ಲದೆ ಇಳಿಯಲೇಬಾರದು. ಸರಾಸರಿ 16 ಇದ್ದು ಬೀಸು 28ಕ್ಕೆ ಹೋಗುವ ಜಾಗವೂ ಹೊಸಬರದ್ದಲ್ಲ.

ಕರಾರಿನಲ್ಲಿ ಪಾಠವನ್ನು ದಿನಗಳಲ್ಲಿ ಬರೆಸಬ್ಯಾಡ್ರಿ, ತಾಸುಗಳಲ್ಲಿ ಬರೆಸ್ರಿ. ಹೊಸಬರಿಗೆ ಹತ್ತು ಹನ್ನೆರಡು ತಾಸು ಬೇಕು. ಗಾಳಿ ಇಲ್ಲದೆ ಉಳಿದ ತಾಸಿಗೆ ರೊಕ್ಕ ವಾಪಸ್ ಎಂಬ ಸಾಲು ಇರಬೇಕು. ಆ ಐವರ ಕಾಗದದಲ್ಲಿ ಬರೆದದ್ದು "ಏಳು ದಿನದ ತರಬೇತಿ", ದಡದಲ್ಲಿ ಕೂಡಿಸಿ ಗಂಟು ಕಲಿಸಿದ್ದನ್ನೂ ಅದಕ್ಕೇ ಜಮಾ ಮಾಡಿದರು. ಪ್ರಯಾಣ ವಿಮೆಯಲ್ಲಿ ಕೈಟ್‌ಬೋರ್ಡಿಂಗ್ ಎಂಬ ಹೆಸರೇ ಇದೆಯಾ ನೋಡ್ರಿ. ಬಹಳ ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಡುತ್ತವೆ.

ಈ ದೀಪಾವಳಿಗೆ ಈಗಾಗಲೇ ಮುಂಗಡ ಕಟ್ಟಿದವರು ಇವತ್ತೇ ಬರಹದಲ್ಲಿ ದಿನಾಂಕ ಬದಲಿಸಲು ಕೇಳ್ರಿ, ಜನವರಿಗೋ ಮುಂದಿನ ಆಗಸ್ಟ್‌ಗೋ. ವಿಮಾನದ ದಿನಾಂಕ ಬದಲಿಸುವ ಶುಲ್ಕ ದಿನ ಹತ್ತಿರ ಬಂದಷ್ಟೂ ಏರಬಹುದು, ಹೋಟೆಲ್‌ಗಳು ಕೊನೆಯ ವಾರದಲ್ಲಿ ಒಪ್ಪುವುದು ಕಷ್ಟ.