ಹಳೇ ರಿಂಗರ್ ಮಷಿನ್ನಾ, ಹೊಸ ಫ್ರಂಟ್ ಲೋಡಾ?

ಅಮೆರಿಕದಲ್ಲಿ ಹಳೇ ಮೇಟ್ಯಾಗ್ ಕಂಪನಿ ರಿಂಗರ್ (ಟಬ್ಬಲ್ಲಿ ಒಗೆದು, ಎರಡು ರೋಲರ್ ಮಧ್ಯೆ ಬಟ್ಟೆ ಹಿಂಡೋ ವಾಷಿಂಗ್ ಮಷಿನ್) ಸಿಕ್ತಿದೆ, ತಗೊಳ್ಲಾ ಬೇಡ್ವಾ ಅನ್ನೋರಿಗೆ ಇದು. ಕಂಪನಿ 1983ರಲ್ಲೇ ಮಾಡೋದು ನಿಲ್ಲಿಸ್ತು, ಆದ್ರೂ ಎಷ್ಟೋ ಆಮಿಶ್ (ಸಾಮಾನ್ಯವಾಗಿ ಕರೆಂಟ್ ಲೈನ್ ಹಾಕಿಸ್ಕೊಳ್ಳದ ಅಲ್ಲಿನ ಒಂದು ಕ್ರೈಸ್ತ ಪಂಗಡ) ಮನೆಗಳಲ್ಲಿ ಪೆಟ್ರೋಲ್ ಇಂಜಿನ್ ಹಾಕ್ಕೊಂಡು ಇವತ್ತಿಗೂ ಇದ್ರಲ್ಲೇ ಒಗೀತಾರೆ, ಅಷ್ಟು ಗಟ್ಟಿ.

ನಿಜವಾದ ಲಾಭ ಅಂದ್ರೆ ಬಿಸಿನೀರು ಮತ್ತೆ ಟೈಮ್ ಉಳಿಯತ್ತೆ. ಒಂದ್ಸಲ ನೀರು ಸೋಪು ಹಾಕಿದ್ರೆ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಕೊಳೆ ಜೀನ್ಸು, ಎಲ್ಲಾ ಅದೇ ನೀರಲ್ಲಿ, ಲೋಡಿಗೆ ಸುಮಾರು 10 ನಿಮಿಷ ಸಾಕು. ಫ್ರಂಟ್ ಲೋಡಲ್ಲಿ ಒಂದು ಲೋಡಿಗೇ ಹೆಚ್ಚುಕಮ್ಮಿ ಗಂಟೆ ಹಿಡಿಯತ್ತೆ, ಪ್ರತಿ ಸಲ ಹೊಸ ನೀರು, ಆದ್ರೆ ಬಟನ್ ಒತ್ತಿ ಬೇರೆ ಕೆಲಸ ನೋಡ್ಕೋಬಹುದು. ರಿಂಗರ್ ಹತ್ರ ನಿಂತೇ ಇರ್ಬೇಕು, ಜಾಲಿಸೋಕೆ ಬೇರೆ ಟಬ್ಬು ಬೇಕು, ಒಂದೊಂದೇ ಬಟ್ಟೆ ರೋಲರಿಗೆ ಕೊಡ್ಬೇಕು, ಗುಂಡಿ ಒಳಗೆ ಮಡಚದಿದ್ರೆ ಒಡ್ದೋಗತ್ತೆ.

ಚಿಕ್ಕ ಮಕ್ಕಳಿರೋ ಮನೆಗೆ ಬೇಡವೇ ಬೇಡ, ಬೆರಳು ಸಿಕ್ಕಿದ್ರೆ ಕೈಯನ್ನೇ ಎಳ್ಕೊಳತ್ತೆ. ತಗೊಳ್ಳೋದೇ ಆದ್ರೆ ರಿಲೀಸ್ ಬಾರ್ ಒತ್ತಿದ ತಕ್ಷಣ ರೋಲರ್ ಬಿಡತ್ತಾ, ರಬ್ಬರ್ ಬಿರುಕು ಬಿಟ್ಟಿದ್ಯಾ ನೋಡಿ, ಹಳೇ ವೈರ್ ತೆಗೆಸಿ ಅರ್ತಿಂಗ್ ಹಾಕ್ಸಿ. ಬೆಡ್‌ಶೀಟು ಟವೆಲ್ ರಾಶಿ ಇರೋರಿಗೆ, ಮನೇಲಿ ಟೈಮ್ ಇರೋರಿಗೆ ನನ್ನ ಓಟು ರಿಂಗರಿಗೇ.