ಆನೆಗುಂದಿ ಕಡೆಯ ಬಾಡಿಗೆ ಗಾಡಿಗಳು: ಎಕ್ಸ್‌ಎಲ್, ಆಕ್ಟಿವಾ, ಬುಲೆಟ್ ಟೈರ್ ಹೋಲಿಕೆ

ಆನೆಗುಂದಿ, ಸಾಣಾಪುರ ಸುತ್ತಲು ಬಾಡಿಗೆಗೆ ಸಿಗುವ ಮೂರು ಬಗೆಯ ಗಾಡಿ ಓಡಿಸಿ ನೋಡಿದ್ದೇನೆ: ಟಿವಿಎಸ್ ಎಕ್ಸ್‌ಎಲ್, ಆಕ್ಟಿವಾ, ಬುಲೆಟ್ ಕ್ಲಾಸಿಕ್. ಬಾಡಿಗೆ, ಮೈಲೇಜು ಎಲ್ಲರೂ ಹೇಳುತ್ತಾರೆ. ನಾನು ಟೈರ್ ಬಗ್ಗೆ ಮಾತ್ರ ಹೇಳುತ್ತೇನೆ.

ಇದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ನಾಟಿ ಹೊತ್ತಿಗೆ ಟ್ರ್ಯಾಕ್ಟರ್‌ಗಳು ಗದ್ದೆಯ ಕೆಸರನ್ನು ಡಾಂಬರಿಗೆ ತಂದು ಬಳಿಯುತ್ತವೆ. ಬಂಡೆಗಳ ನಡುವಿನ ತಿರುವಿನಲ್ಲಿ ಅದು ಮೊದಲೇ ಕಾಣುವುದಿಲ್ಲ. ಒಣ ರಸ್ತೆಯಲ್ಲಿ ಬೋಳು ಟೈರೂ ಚೆನ್ನಾಗೇ ಹಿಡಿಯುತ್ತದೆ, ಮೋಸ ಇರುವುದೇ ಅಲ್ಲಿ. ಒದ್ದೆಯಲ್ಲಿ ನೀರು ಆಚೆ ಹೋಗಲು ಟೈರ್ ಮೇಲೆ ಗೆರೆ ಬೇಕಲ್ವಾ? ಇದರ ಮೇಲೆ ಬಳ್ಳಾರಿ ಜಾಲಿಯ ಮುಳ್ಳು ಬೇರೆ.

ಬುಲೆಟ್ ನನಗೆ ಇಷ್ಟವಾಗಲಿಲ್ಲ. ನನಗೆ ಸಿಕ್ಕಿದ್ದರ ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿ, ಗೆರೆ ಅಂಚಿನಲ್ಲಷ್ಟೇ ಉಳಿದಿತ್ತು. ನೆಟ್ಟನೆ ರಸ್ತೆಯಲ್ಲಿ ಜಾಸ್ತಿ ಓಡಿದರೆ ಹೀಗಾಗುತ್ತದೆ. ಇಂಥ ಟೈರ್ ತಿರುವಿನಲ್ಲಿ ಮೊದಲು ಬಾಗುವುದಿಲ್ಲ, ಆಮೇಲೆ ದಿಢೀರನೆ ವಾಲುತ್ತದೆ. 195 ಕೆಜಿ ಗಾಡಿ ಹಾಗೆ ವಾಲಿದರೆ ಎದೆ ಝಲ್ ಅನ್ನುತ್ತದೆ. ಕೇಳಿದ್ದಕ್ಕೆ ಬಾಡಿಗೆ ಕೊಡುವ ಹುಡುಗ, "ಏನಾಗಂಗಿಲ್ಲ ತಗೊಳ್ರಿ ಸರ್, ನಿನ್ನೆ ಗಂಗಾವತಿಗೆ ಹೋಗಿ ಬಂದೈತಿ" ಅಂದ. ಕಡ್ಡಿ ಚಕ್ರ, ಒಳಗೆ ಟ್ಯೂಬ್. ಮುಳ್ಳು ಚುಚ್ಚಿದರೆ ಗಾಳಿ ಸರ್ರನೆ ಇಳಿಯುತ್ತದೆ.

ಎಕ್ಸ್‌ಎಲ್‌ಗೂ ಟ್ಯೂಬೇ. ಆದರೆ ಗಾಡಿ ಹಗುರ, ವೇಗ ಕಡಿಮೆ, 16 ಇಂಚಿನ ಚಕ್ರ ಗುಂಡಿಗೆ ಹೆದರುವುದಿಲ್ಲ. ಒಬ್ಬರೇ ಹಳ್ಳಿ ದಾರಿ ಸುತ್ತಲು ಸಾಕು. ಟೈರ್ ಅಗಲ ಬರೀ ಎರಡೂವರೆ ಇಂಚು. ಇಬ್ಬರು ಕೂತು ಕೆಸರಿನಲ್ಲಿ ಬ್ರೇಕ್ ಒತ್ತಿದಾಗ ಅದು ಜಾರಿದ್ದು ಗೊತ್ತಾಯಿತು.

ಆಕ್ಟಿವಾದ ಹಿಂದಿನ ಚಕ್ರ 10 ಇಂಚು ಅಷ್ಟೇ. ಅದೇ ದೂರಕ್ಕೆ ಜಾಸ್ತಿ ಸುತ್ತು ತಿರುಗುತ್ತದೆ, ಬೇಗ ಸವೆಯುತ್ತದೆ, ಗುಂಡಿಗೂ ಬೇಗ ಇಳಿಯುತ್ತದೆ. ಆದರೂ ನನ್ನ ಓಟು ಇದಕ್ಕೇ, ಕಾರಣ ಟ್ಯೂಬ್‌ಲೆಸ್ ಟೈರ್. ಮುಳ್ಳು ಅಲ್ಲೇ ಕಚ್ಚಿಕೊಂಡಿರುತ್ತದೆ, ಗಾಳಿ ನಿಧಾನ ಇಳಿಯುತ್ತದೆ, ಅಷ್ಟರಲ್ಲಿ ಪಂಚರ್ ಅಂಗಡಿ ಸಿಗುತ್ತದೆ. ಗಾಳಿ ಮಾತ್ರ ನೀವೇ ನಿಂತು ಹಾಕಿಸಿ: ಮುಂದೆ 22 ಪಿಎಸ್‌ಐ, ಹಿಂದೆ ಒಬ್ಬರಿಗೆ 29, ಇಬ್ಬರಿಗೆ 36. ಬಾಡಿಗೆ ಗಾಡಿಯಲ್ಲಿ ಇಷ್ಟು ಇದ್ದದ್ದು ನಾನು ಕಂಡಿಲ್ಲ. ಗಾಳಿ ಕಮ್ಮಿಯಾದರೆ ಟೈರ್ ಕಾದು ಎರಡೂ ಅಂಚು ಸವೆಯುತ್ತವೆ.

ಯಾವ ಗಾಡಿಯಾದರೂ ಕೀಲಿ ತಗೊಳ್ಳುವ ಮೊದಲು ಗೆರೆಗಳ ಒಳಗಿನ ಪುಟ್ಟ ಉಬ್ಬು ನೋಡಿ. ಟೈರ್ ಅದರ ಮಟ್ಟಕ್ಕೆ ಸವೆದಿದ್ದರೆ ಬೇಡ ಅನ್ನಿ. ಕಾನೂನಿನ ಪ್ರಕಾರವೂ ದ್ವಿಚಕ್ರಕ್ಕೆ ಗೆರೆಯ ಆಳ 0.8 ಮಿಮೀಗಿಂತ ಕಮ್ಮಿ ಇರಬಾರದು. ಟೈರಿನ ಪಕ್ಕದ ಮೈಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಮ್ಮ ಕೊಪ್ಪಳದ ಬಿಸಿಲಿಗೆ ಹಳೇ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಗೆರೆ ಇದ್ದರೂ ಹಿಡಿತ ಇರುವುದಿಲ್ಲ.

ಒಳ್ಳೆ ಆಕ್ಟಿವಾ ಸಿಗದಿದ್ದರೆ ಎಕ್ಸ್‌ಎಲ್ ತಗೊಂಡು ನಿಧಾನ ಹೋಗಿ. ಬುಲೆಟ್ಟೇ ಬೇಕು ಅನ್ನುವವರು ರಸ್ತೆ ಒಣಗಿರುವಾಗ, ಅದೂ ಹಿಂದಿನ ಟೈರ್ ಹೊಸದಿದ್ದರೆ ಮಾತ್ರ ತಗೊಳ್ಳಿ.