ಒಂದೇ ಬಾಡಿ, ಮೂರು ಲೆನ್ಸ್

ಕ್ಯಾಮೆರಾ ಬದಲಾಯಿಸಬೇಕು ಅನ್ನುವ ತುರಿಕೆ ಶುರುವಾಗಿ ವರ್ಷವೇ ಆಗಿತ್ತು. ನನ್ನ ಹತ್ತಿರ ಇರುವುದು 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಮಿರರ್‌ಲೆಸ್. ಲೆನ್ಸ್ ಕೂರಿಸುವ ಜಾಗ ಸೋನಿ ಇ-ಮೌಂಟ್, ಬಾಡಿಯೊಳಗೆ ಸ್ಟೆಬಿಲೈಸೇಶನ್ (ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಇಲ್ಲ. ರಾತ್ರಿ ಮನೆಯೊಳಗೆ ತೆಗೆದ ಯಾವ ಫೋಟೊ ನೋಡಿದರೂ ಮರಳು ಎರಚಿದ ಹಾಗೆ ನಾಯ್ಸ್. "ಫುಲ್‌ಫ್ರೇಮ್ ತಗೋ ಮಾರಾಯ, ಎಲ್ಲ ಸರಿಹೋಗುತ್ತೆ" ಅಂತ ಗೆಳೆಯ ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಅವನ ಹತ್ತಿರ ಅದೇ ಇದೆ, ಹಾಗಾಗಿ ಹೇಳುವುದು ಸುಲಭ.

ಒಂದು ದಿನ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಫುಲ್‌ಫ್ರೇಮ್ ಸೆನ್ಸರ್ 36×24 ಮಿಲಿಮೀಟರ್, ಅಂದರೆ 864 ಚದರ ಮಿಲಿಮೀಟರ್. ನನ್ನದು 23.5×15.6, ಸುಮಾರು 367. ಬಾಡಿ ಬದಲಾಯಿಸಿದರೆ ಸಿಗುವ ಬೆಳಕು ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಒಂದು ಸ್ಟಾಪ್ (ಬೆಳಕು ಇಮ್ಮಡಿಯಾಗುವ ಒಂದು ಹಂತ) ಚಿಲ್ಲರೆ. ಅದೇ ಕ್ಯಾಮೆರಾ ಜೊತೆ ಬಂದ ನನ್ನ ಕಿಟ್ ಲೆನ್ಸ್ 30 ಎಂಎಂ (ಫೋಕಲ್ ಲೆಂತ್, ಅಂದರೆ ನೋಟ ಎಷ್ಟು ಅಗಲ ಅನ್ನುವ ಅಳತೆ) ಹತ್ತಿರ ತೆರೆದುಕೊಳ್ಳುವುದು ಹೆಚ್ಚೂಕಡಿಮೆ ಎಫ್/4.5ರಷ್ಟು. ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು. ಅದೇ ಜಾಗದಲ್ಲಿ ಎಫ್/1.4ರ ಒಂದು ಪ್ರೈಮ್ (ಝೂಮ್ ಇಲ್ಲದ ಲೆನ್ಸ್) ಕೂರಿಸಿದರೆ ಬರುವ ಬೆಳಕು ಹತ್ತು ಪಟ್ಟು. ಬಾಡಿ ಕೊಡುವುದು ಎರಡು, ಲೆನ್ಸ್ ಕೊಡುವುದು ಹತ್ತು. ಬಾಡಿಯ ಆಸೆಯನ್ನು ಅಲ್ಲಿಗೆ ಬದಿಗಿಟ್ಟು ಲೆನ್ಸ್ ಹುಡುಕಲು ಕೂತೆ.

ಕೊನೆಗೆ ಮೂರು ಲೆನ್ಸ್ ಕೈಯಲ್ಲಿದ್ದವು. ಮೊದಲನೆಯದು ಕ್ಯಾಮೆರಾ ಜೊತೆಗೇ ಬಂದ 18-55, ಎಫ್/3.5-5.6, ಲೆನ್ಸ್ ಒಳಗೇ ಸ್ಟೆಬಿಲೈಸೇಶನ್ ಇರುವಂಥದ್ದು. ಎರಡನೆಯದು 30 ಎಂಎಂ ಎಫ್/1.4 ಪ್ರೈಮ್, ಇದರಲ್ಲಿ ಸ್ಟೆಬಿಲೈಸೇಶನ್ ಇಲ್ಲ. ಮೂರನೆಯದು ಸೋವಿಯತ್ ಕಾಲದ ಹೀಲಿಯೋಸ್ 44-2, 58 ಎಂಎಂ ಎಫ್/2. ಫೋಕಸ್ ಕೈಯಲ್ಲಿ, ಅಪರ್ಚರ್ ಕೈಯಲ್ಲಿ, ಕ್ಯಾಮೆರಾಗೂ ಅದಕ್ಕೂ ವಿದ್ಯುತ್ತಿನ ಸಂಬಂಧವೇ ಇಲ್ಲ. ಮೂರನ್ನೂ ಕೆಲವು ತಿಂಗಳು ಸರದಿಯಂತೆ ಬಳಸಿದೆ.

ಪ್ರೈಮ್ ಕೊಳ್ಳುವ ಮುಂಚೆ ಎಷ್ಟು ಎಂಎಂ ಬೇಕು ಅಂತ ನಿರ್ಧರಿಸುವುದೇ ದೊಡ್ಡ ತಲೆನೋವಾಗಿತ್ತು. ಹಳೆಯ ಫೋಟೊಗಳನ್ನು ಫೋಕಲ್ ಲೆಂತ್ ಪ್ರಕಾರ ವಿಂಗಡಿಸಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ನೋಡಿದೆ. ಬಹುಪಾಲು 18ರಲ್ಲಿ, ಉಳಿದದ್ದರಲ್ಲಿ ಹೆಚ್ಚಿನವು 55ರಲ್ಲಿ, ನಡುವೆ ಅಲ್ಲೊಂದು ಇಲ್ಲೊಂದು. ಹಾಗಾದರೆ ನನಗಿಷ್ಟ 18 ಮತ್ತು 55 ಅಂತಲೇ? ಅಲ್ಲ. ಝೂಮ್ ಕೈಯಲ್ಲಿದ್ದರೆ ಕೈ ತಾನಾಗಿಯೇ ಒಂದು ಕೊನೆಗೆ ತಿರುಗಿಸಿ ನಿಲ್ಲಿಸುತ್ತದೆ. ಆ ಅಂಕಿ ನನ್ನ ಸೋಮಾರಿತನದ ಲೆಕ್ಕ, ನನ್ನ ಕಣ್ಣಿನದ್ದಲ್ಲ. ಆಮೇಲೆ ಝೂಮ್ ರಿಂಗನ್ನು 30ರಲ್ಲಿ ನಿಲ್ಲಿಸಿ ಮೇಲೊಂದು ಟೇಪ್ ಅಂಟಿಸಿದೆ. ಒಂದು ವಾರ ಹಾಗೇ ಓಡಾಡಿದೆ. ಮೊದಲೆರಡು ದಿನ ಕಿರಿಕಿರಿ, ನಾಲ್ಕನೇ ದಿನದಿಂದ ಕ್ಯಾಮೆರಾ ಎತ್ತುವ ಮೊದಲೇ ಚೌಕಟ್ಟು ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾಗತೊಡಗಿತು. ಪ್ರೈಮ್ ಕೊಳ್ಳಬೇಕೆಂದಿರುವವರು ದುಡ್ಡು ಕೊಡುವ ಮೊದಲು ಈ ಟೇಪಿನ ವಾರವನ್ನು ಕಳೆಯಲೇಬೇಕು ಅನ್ನುತ್ತೇನೆ.

ಮೊದಲ ಪರೀಕ್ಷೆ ರಾತ್ರಿ ಮನೆಯೊಳಗೆ. ಅಕ್ಕನ ಐದು ವರ್ಷದ ಮಗಳು ಒಂದು ಕಡೆ ನಿಲ್ಲುವವಳಲ್ಲ. ಅವಳನ್ನು ಹಿಡಿಯಲು 1/125 ಸೆಕೆಂಡಾದರೂ ಬೇಕು. ಕಿಟ್ ಲೆನ್ಸಿನಲ್ಲಿ ಐಎಸ್‌ಒ 6400 ಮುಟ್ಟಿತು (ಇದು ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿದಷ್ಟೂ ನಾಯ್ಸ್ ಹೆಚ್ಚು). ಮುಖ ಮೇಣದಂತೆ, ಕೂದಲು ಬಣ್ಣ ಬಳಿದಂತೆ. ಪ್ರೈಮ್ ಹಾಕಿದಾಗ ಅದೇ ಶಟರ್, ಅದೇ ಬೆಳಕು, ಐಎಸ್‌ಒ 640. ಹುಬ್ಬಿನ ಕೂದಲು ಒಂದೊಂದಾಗಿ ಎಣಿಸಬಹುದು. ಆದರೆ ಎಫ್/1.4ರಲ್ಲಿ ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸರಿ, ಇನ್ನೊಂದು ಕಣ್ಣು ಮಬ್ಬು. ಕಣ್ಣು ಗುರುತಿಸುವ ಆಟೊಫೋಕಸ್ ಇಲ್ಲದಿದ್ದರೆ ಈ ಲೆನ್ಸನ್ನು ಮಕ್ಕಳ ಮೇಲೆ ಪೂರ್ತಿ ತೆರೆದು ಬಳಸುವ ಧೈರ್ಯ ನನಗಂತೂ ಇಲ್ಲ. ಈಗ ಎಫ್/2ರಲ್ಲಿ ಇಡುತ್ತೇನೆ. ಬೆಳಕು ಅರ್ಧಕ್ಕಿಳಿದರೂ ಕೆಡುವ ಫೋಟೊಗಳು ಅದಕ್ಕಿಂತಲೂ ಜಾಸ್ತಿ ತಗ್ಗಿದವು.

ಇದೇ ರಾತ್ರಿ ಇನ್ನೊಂದು ಪಾಠವಾಯಿತು. ಸದ್ದಿಲ್ಲದಿರಲಿ ಅಂತ ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡಿದ್ದೆ. ಫೋಟೊದ ತುಂಬ ಅಡ್ಡಡ್ಡ ಕಪ್ಪು ಪಟ್ಟಿಗಳು. ಲೆನ್ಸ್ ಕೆಟ್ಟಿದೆ ಅಂತ ಗಾಬರಿಯಾದೆ. ಲೆನ್ಸಿನದು ಏನೂ ತಪ್ಪಿರಲಿಲ್ಲ. 50 ಹರ್ಟ್ಜ್ ವಿದ್ಯುತ್ತಿನಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುವಷ್ಟರಲ್ಲಿ ದೀಪ ಕೆಲವು ಸಲ ಮಿನುಗಿ ಆಗಿರುತ್ತದೆ. ಮೆಕ್ಯಾನಿಕಲ್ ಶಟರಿಗೆ ಹೋಗಿ 1/100ಕ್ಕೆ ಇಳಿಸಿದ ಮೇಲೆ ಪಟ್ಟಿಗಳು ಮಾಯ.

ಇಷ್ಟು ಹೊತ್ತಿಗೆ ಕಿಟ್ ಲೆನ್ಸ್ ಸೋತೇಬಿಟ್ಟಿತು ಅಂದುಕೊಂಡಿದ್ದೆ. ಹುಡುಗಿ ಮಲಗಿದ ಮೇಲೆ ಪುಸ್ತಕದ ಕಪಾಟಿನ ಕಡೆ ಕ್ಯಾಮೆರಾ ತಿರುಗಿಸಿದೆ. ಪ್ರೈಮನ್ನು ಕೈಯಲ್ಲಿ ಹಿಡಿದು ನಾನು ನಂಬಿಕೆಯಿಂದ ಒತ್ತಬಲ್ಲದ್ದು 1/60ವರೆಗೆ, ಅದಕ್ಕಿಂತ ಕೆಳಗೆ ಕೈ ನಡುಗುತ್ತದೆ. ಕಿಟ್ ಲೆನ್ಸಿನ ಸ್ಟೆಬಿಲೈಸೇಶನ್ ನಂಬಿ 1/8ಕ್ಕೆ ಇಳಿದರೂ ಪುಸ್ತಕದ ಬೆನ್ನಿನ ಮೇಲಿನ ಅಕ್ಷರ ಸ್ಪಷ್ಟ. ಅಪರ್ಚರಿನಲ್ಲಿ ಪ್ರೈಮ್ ಗಳಿಸಿದ ಹತ್ತು ಪಟ್ಟನ್ನು ಶಟರಿನಲ್ಲಿ ಕಿಟ್ ಏಳೂವರೆ ಪಟ್ಟು ವಾಪಸ್ ಕಸಿದುಕೊಂಡಿತು. ಐಎಸ್‌ಒ ಹೆಚ್ಚೂಕಡಿಮೆ ಸಮ. ಮೇಲಾಗಿ ಎಫ್/4.5ರಲ್ಲಿ ಕಪಾಟಿನ ಹಿಂದುಮುಂದು ಎಲ್ಲ ಫೋಕಸ್‌ನಲ್ಲಿತ್ತು, ಪ್ರೈಮಿನದರಲ್ಲಿ ಒಂದು ಸಾಲು ಮಾತ್ರ. ಅಲುಗಾಡದ ವಸ್ತುವಿಗೆ, ಟ್ರೈಪಾಡ್ ಇಲ್ಲದವರಿಗೆ, ಎಲ್ಲರೂ ಮೂಗು ಮುರಿಯುವ ಈ ಲೆನ್ಸೇ ಮೇಲು. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವಾಯಿತು, ಪ್ರೈಮಿಗೆ ಆಗಲೇ ದುಡ್ಡು ಕೊಟ್ಟಾಗಿತ್ತಲ್ಲ.

ಹಗಲಿನ ಪರೀಕ್ಷೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿಲಿನಲ್ಲಿ ಎಫ್/8ಕ್ಕೆ ಇಟ್ಟು ಮೂರರಲ್ಲೂ ಒಂದೇ ಗೋಡೆ ತೆಗೆದೆ, ಫೈಲುಗಳ ಹೆಸರು ಕಲಸಿಬಿಟ್ಟು ಎರಡು ದಿನ ಬಿಟ್ಟು ನೋಡಿದೆ. ನಡುಭಾಗದಲ್ಲಿ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಮೂಲೆಗಳಲ್ಲಿ ಕಿಟ್ ತುಸು ಮೆತ್ತಗೆ. ಎಫ್/16ರಲ್ಲಿ, ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಮೂರೂ ಒಂದೇ ತರಹ ಮೆತ್ತಗಾದವು.

ಇನ್ನು ಹೀಲಿಯೋಸ್. ಇದನ್ನು ಕೊಂಡದ್ದಕ್ಕೆ ಕಾರಣ ಒಂದೇ, ಹಿನ್ನೆಲೆಯ ಎಲೆಗಳು ಸುಳಿಯಂತೆ ತಿರುಗುವ ಆ ಪ್ರಸಿದ್ಧ ಬೊಕೆ (ಹಿನ್ನೆಲೆಯ ಮಬ್ಬು). ಝೈಸ್ ಕಂಪನಿಯ ಬಯೋಟಾರ್ ವಿನ್ಯಾಸವನ್ನು ಆಧರಿಸಿದ ಲೆನ್ಸ್ ಇದು, ತಿರುಪಿನ ಎಂ42 ಮೌಂಟ್. ಮಿರರ್‌ಲೆಸ್ ಕ್ಯಾಮೆರಾಗಳಿಗೆ ಇಂಥ ಹಳೆಯ ಲೆನ್ಸುಗಳು ಇಷ್ಟು ಸುಲಭವಾಗಿ ಕೂರುವುದಕ್ಕೆ ಕಾರಣ ಒಳಗಿನ ಕನ್ನಡಿ ಹೋದದ್ದೇ, ಅದಿಲ್ಲದ್ದರಿಂದ ಮೌಂಟ್ ಸೆನ್ಸರಿಗೆ ಹತ್ತಿರ ಬಂದಿದೆ. ಎಂ42 ಲೆನ್ಸಿಗೆ ಮೌಂಟಿನಿಂದ ಸೆನ್ಸರಿಗೆ 45.46 ಮಿಲಿಮೀಟರ್ ದೂರ ಬೇಕು, ಇ-ಮೌಂಟ್‌ನಲ್ಲಿರುವುದು 18. ನಡುವಿನ 27.46 ಮಿಲಿಮೀಟರನ್ನು ಒಂದು ಖಾಲಿ ಕೊಳವೆ ತುಂಬಿದರೆ ಸಾಕು, ಅಡಾಪ್ಟರ್ ಅಂದರೆ ಅಷ್ಟೇ. ನಿಕಾನ್‌ನ ಹಳೆಯ, ಕನ್ನಡಿಯಿರುವ ಎಫ್-ಮೌಂಟ್ ಡಿಎಸ್‌ಎಲ್‌ಆರ್‌ಗಳಲ್ಲಿ ಆ ದೂರವೇ 46.5. ಅಲ್ಲಿ ಇದೇ ಲೆನ್ಸ್ ಗಾಜಿಲ್ಲದ ಅಡಾಪ್ಟರಿನಲ್ಲಿ ದೂರದ ಬೆಟ್ಟಕ್ಕೆ ಫೋಕಸ್ ಆಗುವುದೇ ಇಲ್ಲ.

ಖಾಲಿ ಕೊಳವೆ ಅಂತ ಅಸಡ್ಡೆ ಮಾಡಿ ಸಿಕ್ಕ ಅಗ್ಗದ್ದನ್ನು ತಂದೆ. ಅದು ಕೂದಲೆಳೆಯಷ್ಟು ಗಿಡ್ಡ. ಅನಂತಕ್ಕೆ, ಅಂದರೆ ತುಂಬ ದೂರದ ವಸ್ತುವಿಗೆ, ಫೋಕಸ್ ಆಗಲೇಬೇಕು ಅಂತ ಇಂಥವನ್ನು ಬೇಕೆಂದೇ ಗಿಡ್ಡ ಮಾಡುತ್ತಾರಂತೆ. ಅದರ ಪರಿಣಾಮ, ಲೆನ್ಸ್ ಮೇಲಿನ ಅನಂತದ ಗುರುತು ಸುಳ್ಳಾಗುತ್ತದೆ. 58 ಎಂಎಂ ಲೆನ್ಸಿನಲ್ಲಿ 0.2 ಮಿಲಿಮೀಟರ್ ಕಡಿಮೆಯಾದರೂ ನಿಜವಾದ ಅನಂತ ಹದಿನೇಳು ಮೀಟರಿನ ಗುರುತಿನ ಆಸುಪಾಸಿಗೆ ಬಂದು ಕೂರುತ್ತದೆ. ಇದು ಗೊತ್ತಿಲ್ಲದೆ ಕತ್ತಲಲ್ಲಿ ರಿಂಗನ್ನು ಕೊನೆಯವರೆಗೆ ತಿರುಗಿಸಿ, ಆಗ ತಾನೇ ಮೇಲೇರುತ್ತಿದ್ದ ಹುಣ್ಣಿಮೆ ಚಂದ್ರನನ್ನು ನಲವತ್ತು ಸಲ ತೆಗೆದೆ. ನಲವತ್ತೂ ಹತ್ತಿ ಉಂಡೆಗಳು.

ಫೋಕಸ್ ಪೀಕಿಂಗ್ ಇದೆಯಲ್ಲ ಅನ್ನಬಹುದು. ಫೋಕಸ್ ಆದ ಅಂಚುಗಳಿಗೆ ಕೆಂಪು ಹಚ್ಚಿ ತೋರಿಸುವ ಆ ಸೌಲಭ್ಯ ಎಫ್/5.6ರಲ್ಲಿ ನಂಬಬಹುದು. ಎಫ್/2ರಲ್ಲಿ ಅದು ವಿಪರೀತ ಉದಾರಿ. ಮೂಗಿಗೂ ಕೆಂಪು, ಕಿವಿಗೂ ಕೆಂಪು. ವ್ಯೂಫೈಂಡರಿನಲ್ಲಿ ಚಿತ್ರ ಹಿಗ್ಗಿಸಿ ನೋಡದೆ ವಿಧಿಯಿಲ್ಲ, ಹಿಗ್ಗಿಸುವಷ್ಟರಲ್ಲಿ ಅಕ್ಕನ ಮಗಳು ಪಕ್ಕದ ಕೋಣೆಯಲ್ಲಿರುತ್ತಾಳೆ. ಅವಳ ಮೇಲೆ ಹತ್ತು ಒತ್ತಿದರೆ ಮೂರು ಸರಿ ಬಂದರೆ ಹೆಚ್ಚು. ಮೊದಲ ಸಲ ಹಾಕಿಕೊಂಡವರಿಗೆ ಇನ್ನೊಂದು ಮಾತು. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುಗಡೆಯಾಗಲಿ ಅನ್ನುವ ಆಯ್ಕೆಯನ್ನು ಆನ್ ಮಾಡದಿದ್ದರೆ ಕ್ಯಾಮೆರಾ ಕ್ಲಿಕ್ಕೇ ಆಗದಿರಬಹುದು.

ಆದರೂ ಸುಮ್ಮನೆ ಕೈಯಲ್ಲಿ ಹಿಡಿದು ಕೂರಬೇಕು ಅನಿಸುವುದು ಇದೊಂದನ್ನೇ. ಉಳಿದೆರಡರ ಫೋಕಸ್ ರಿಂಗ್ ಬರೀ ಒಂದು ಸ್ವಿಚ್ಚು. ತಿರುಗಿಸಿದರೆ ಒಳಗಿನ ಮೋಟಾರಿಗೆ ಸಂದೇಶ ಹೋಗುತ್ತದೆ, ಕ್ಯಾಮೆರಾ ಆಫ್ ಇದ್ದರೆ ಏನೂ ಆಗುವುದಿಲ್ಲ. ಹೀಲಿಯೋಸಿನದು ನಿಜವಾದ ಲೋಹದ ತಿರುಪು, ಗ್ರೀಸಿನ ಭಾರ ಬೆರಳಿಗೆ ತಾಗುತ್ತದೆ. ಸೂರ್ಯನ ಎದುರು ಹಿಡಿದರೆ ಇಡೀ ಚಿತ್ರ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಕೆಲವರಿಗೆ ಅದು ದೋಷ, ಸಂಜೆ ಬೆಳಕಿನಲ್ಲಿ ನನಗದು ಇಷ್ಟ.

ಸುಳಿ ಮಾತ್ರ ಬರಲಿಲ್ಲ. ಎಷ್ಟು ಗಿಡಗಳ ಮುಂದೆ ಯಾರನ್ನು ನಿಲ್ಲಿಸಿದರೂ ಹಿನ್ನೆಲೆ ಸಾಧಾರಣ ಮಬ್ಬು. ಯೋಚಿಸಿದಾಗ ಕಾರಣ ಹೊಳೆಯಿತು. ಸುಳಿ ಇರುವುದು ಚಿತ್ರದ ಅಂಚಿನಲ್ಲಿ, ನನ್ನ ಚಿಕ್ಕ ಸೆನ್ಸರ್ ಆ ಅಂಚನ್ನೇ ಕತ್ತರಿಸಿ ಬಿಸಾಡುತ್ತಿದೆ.

ಆಗ ಗೆಳೆಯನ ಫುಲ್‌ಫ್ರೇಮ್ ಬಾಡಿ, ಅವನ 50 ಎಂಎಂ ಎಫ್/1.8 ಸಮೇತ, ಒಂದು ವಾರ ಕೇಳಿ ತಂದೆ. ನನ್ನ 30 ಎಂಎಂ ಎಫ್/1.4ಕ್ಕೂ ಅದಕ್ಕೂ ಪೈಪೋಟಿ ನಡೆಸಿದೆ. ನೋಟದ ಕೋನ ಹತ್ತಿರ ಹತ್ತಿರ, ನನ್ನದು ಫುಲ್‌ಫ್ರೇಮ್ ಲೆಕ್ಕದಲ್ಲಿ 45 ಎಂಎಂ. ಸೆನ್ಸರ್ ದೊಡ್ಡದಾದರೂ ಅವನ ಲೆನ್ಸ್ ಎಫ್/1.8ರಷ್ಟೇ ತೆರೆಯುವುದರಿಂದ ಒಟ್ಟು ಬೆಳಕಿನ ವ್ಯತ್ಯಾಸ ಅರ್ಧ ಸ್ಟಾಪ್ ಆಸುಪಾಸು. ರಾತ್ರಿಯ ಫೋಟೊಗಳನ್ನು ಪಕ್ಕ ಪಕ್ಕ ಇಟ್ಟು ಅಕ್ಕನಿಗೆ ತೋರಿಸಿದರೆ, "ಇದರಲ್ಲಿ ಅವಳು ನಗ್ತಿದ್ದಾಳೆ, ಇದೇ ಚೆನ್ನಾಗಿದೆ" ಅಂದಳು. ಅದು ನನ್ನ ಕ್ಯಾಮೆರಾದ್ದು, ಆದರೆ ಅದಕ್ಕೆ ನಾನು ಹೆಮ್ಮೆಪಡುವಂಥದ್ದೇನೂ ಇಲ್ಲ.

ವಾರದ ಕೊನೆಯ ದಿನ ಆ ಬಾಡಿಗೆ ಹೀಲಿಯೋಸ್ ಹಾಕಿ ಮರದ ಕೆಳಗೆ ಹೋದೆ. ವ್ಯೂಫೈಂಡರಿನಲ್ಲಿ ಎಲೆಗಳ ನಡುವಿನ ಬೆಳಕಿನ ಚುಕ್ಕೆಗಳೆಲ್ಲ ಅಂಚಿನಲ್ಲಿ ಕಣ್ಣಿನ ಆಕಾರ ತಾಳಿ ನಡುವಿನ ಮುಖದ ಸುತ್ತ ತಿರುಗುತ್ತಿದ್ದವು. ಲೆಕ್ಕದ ಕಾಗದ ಬರೆದಿಟ್ಟ ಮೇಲೂ ದೊಡ್ಡ ಸೆನ್ಸರ್ ಬೇಕು ಅನಿಸಿದ್ದು ಅದೊಂದೇ ಗಳಿಗೆ, ಅದೂ ನನಗಿಂತ ವಯಸ್ಸಾದ ಒಂದು ಲೆನ್ಸಿನಿಂದ.

ಬಾಡಿ ವಾಪಸ್ ಕೊಡಲು ಹೋದಾಗ ಗೆಳೆಯ, "ಹೇಗಿತ್ತೋ?" ಅಂದ. ಲೆನ್ಸ್ ಬಿಚ್ಚಿರಲಿಲ್ಲ. "ನೀನೇ ನೋಡು" ಅಂದೆ. ಕಿಟಕಿಯ ಹೊರಗಿನ ಮರಕ್ಕೆ ಹಿಡಿದು ರಿಂಗನ್ನು ಆಚೆ ಈಚೆ ತಿರುಗಿಸುತ್ತ ನಿಂತ. ಅನಂತದ ಗುರುತನ್ನು ನಂಬಬೇಡ ಅಂತಷ್ಟೇ ಹೇಳಿ ಬಂದೆ. ಮೂರು ವಾರವಾಯಿತು, ಹೀಲಿಯೋಸ್ ಅವನ ಹತ್ತಿರವೇ ಇದೆ.